ಲೈಟು ಹೋದರೂ ಸ್ವಿಚ್ಚು ಆರಿಸದವರು

ನಮ್ಮ ಕಡೆ ಲೈಟು ಹೋದರೆ ಯಾರೂ ಸ್ವಿಚ್ಚು ಆರಿಸುವುದಿಲ್ಲ. ಆರಿಸಿಬಿಟ್ಟರೆ ಅದು ತಿರುಗಿ ಬಂದದ್ದು ಗೊತ್ತಾಗುವುದು ಹೇಗೆ? ಫ್ಯಾನು, ಟೀವಿ, ನೀರಿನ ಮೋಟರು ಎಲ್ಲವೂ ಹೋದಾಗ ಹೇಗಿದ್ದವೋ ಹಾಗೆಯೇ ಬಾಯಿ ತೆರೆದು ಕಾಯುತ್ತಿರುತ್ತವೆ. ನಡುಮನೆಯ ಬಲ್ಬು ಹತ್ತಿದ ಕೂಡಲೇ ಮನೆಯಲ್ಲಿದ್ದವರೆಲ್ಲ "ಬಂತು!" ಎನ್ನುತ್ತಾರೆ. ವಾಡಿಯ ನಮ್ಮ ಓಣಿಯಲ್ಲಿ ಆ ಕೂಗು ಒಂದು ಮನೆಯಿಂದ ಇನ್ನೊಂದಕ್ಕೆ ಹಾಯುತ್ತ ಸ್ಟೇಷನ್ನಿನ ತನಕ ಹೋಗುತ್ತದೆ. ಭಂಕೂರಿನ ನನ್ನ ತವರಿನಲ್ಲಿ ಅಪ್ಪ ಹೊಲದ ಮೋಟರಿಗೆ ಆಟೋ ಸ್ಟಾರ್ಟರ್ ಕೂಡಿಸಿದ್ದರು. ಕರೆಂಟು ಯಾವ ಹೊತ್ತಿನಲ್ಲಿ ಬಂದರೂ ಮೋಟರು ತಾನೇ ಚಾಲೂ ಆಗುತ್ತಿತ್ತು, ನೀರು ತಾನೇ ಹರಿಯುತ್ತಿತ್ತು. ಊರಿನವರು ಬಂದು ನೋಡಿ ಮೆಚ್ಚಿಕೊಂಡು ಹೋಗಿದ್ದರು. ತಾನಾಗಿ ಶುರುವಾಗುವ ಯಂತ್ರವೆಂದರೆ ನಮಗೆ ಒಳ್ಳೆಯ ಯಂತ್ರ.

ಈಗ ಆ "ಬಂತು" ಕೇಳಿದರೆ ನನ್ನ ಬಲಗೈ ತಾನಾಗಿ ಎದೆಗೆ ಬಂದು ಒತ್ತಿಕೊಳ್ಳುತ್ತದೆ. ಮೊನ್ನೆ ಸಾರಿನ ಬೋಗುಣಿ ಹಿಡಿದು ನಿಂತಾಗ ಹಾಗೇ ಆಯಿತು, ಸಾರು ನೆಲದ ಪಾಲಾಯಿತು. ನನ್ನ ಗಂಡ ಮೊದಮೊದಲು ನಗುತ್ತಿದ್ದರು. ಈಗ ನಗುವುದಿಲ್ಲ.

ನಾನು ಸೇಡಂನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ದಿನವೂ ವಾಡಿಯಿಂದ ರೈಲಿನಲ್ಲಿ ಹೋಗಿಬರುತ್ತೇನೆ. ಗ್ರಂಥಾಲಯದ ಹಿಂಬಾಗಿಲು ತೋಟಕ್ಕೆ ತೆರೆಯುತ್ತದೆ. ತೋಟವೆಂದರೆ ದೊಡ್ಡದೇನಲ್ಲ. ಪರಸಿ ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನೆಟ್ಟು ಮಾಡಿದ ಕಂಪೌಂಡು, ಅದರೊಳಗೆ ಬೇವು, ಹೊಂಗೆ, ನಾಲ್ಕಾರು ಗುಲ್‌ಮೊಹರ್, ಅವುಗಳ ನಡುವೆ ಬದುಕಲೋ ಬೇಡವೋ ಎಂದು ನಿಂತ ಸಸಿಗಳು. ಬೇಸಿಗೆಯಲ್ಲಿ ಅಲ್ಲಿಯ ಕರಿಮಣ್ಣು ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಎಲೆ, ಟೊಂಗೆಗಳನ್ನು ಸಣ್ಣಗೆ ಚೂರು ಮಾಡಿ ಬುಡಕ್ಕೆ ದಪ್ಪವಾಗಿ ಹಾಸಿದರೆ ಮಣ್ಣಿನ ತೇವ ಉಳಿಯುತ್ತದೆಂದು ಕಾಲೇಜಿಗೆ ಒಂದು ವಿದ್ಯುತ್ ಯಂತ್ರ ತರಿಸಿದರು. ಅದು ಬರುವ ಮೊದಲು ಉದುರಿದ ಎಲೆಗೆ ಬೆಂಕಿ ಹಚ್ಚುತ್ತಿದ್ದರು. ಹೊಗೆಯೆಲ್ಲ ನನ್ನ ಪುಸ್ತಕಗಳಿಗೆ ಬಂದು ಕೂರುತ್ತಿತ್ತು. ಯಂತ್ರ ಬಂದ ದಿನ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಸೊಂಟದೆತ್ತರದ ಯಂತ್ರ. ಎರಡು ಗಾಲಿ, ಮೇಲೊಂದು ಅಗಲ ಬಾಯಿ, ಒಳಗೆ ತಿರುಗುವ ಬ್ಲೇಡು. ಮೇಲಿನಿಂದ ಟೊಂಗೆ ಹಾಕಿದರೆ ಕೆಳಗಿನಿಂದ ಚೂರು ಉದುರುತ್ತಿತ್ತು. ದನಗಳ ಮೇವಿಗೆ ಜೋಳದ ಕಣಕಿ ಕತ್ತರಿಸುವ ಯಂತ್ರ ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದೇ. "ಇದು ಕಣಕಿ ಕಟರಿನ ತಮ್ಮ" ಎಂದು ತೋಟದ ಮಾಲಿ ಹೆಸರಿಟ್ಟ. ಬಾಯಿಯ ಪಕ್ಕದಲ್ಲಿ ಒಂದು ಕೈಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ. ಅದರ ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ.

ಯಂತ್ರಕ್ಕೆ ಟೊಂಗೆ ಹಾಕುವ ಕೆಲಸ ಮಾಲಿಯ ಅತ್ತಿಗೆಯದು. ಅವನು ಅವಳನ್ನು ವೈನಿ ಎನ್ನುತ್ತಿದ್ದ. ನಾನು ಅಕ್ಕ ಎನ್ನುತ್ತೇನೆ, ನನಗಿಂತ ಸಾಕಷ್ಟು ದೊಡ್ಡವಳು. ಸುಲೇಪೇಟದ ಕಡೆಯವಳು, ಮದುವೆಯಾಗಿ ಸೇಡಂಗೆ ಬಂದು ನೆಲೆಸಿದವಳು. ಹಗಲೆಲ್ಲ ಕಾಲೇಜಿನ ತೋಟ, ಸಂಜೆ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿಯುವ ಕೆಲಸ. ಅವಳು ಬಡಿದ ರೊಟ್ಟಿ ನಾನು ಉಂಡಿದ್ದೇನೆ. ಕಾಗದದಷ್ಟು ತೆಳ್ಳಗೆ, ಅಂಚು ಎಲ್ಲೂ ಒಡೆಯದೆ ದುಂಡಗೆ ಬರುತ್ತದೆ. ಊರಲ್ಲಿ ಲಟ್ಟಣಿಗೆಯಿಂದ ರೊಟ್ಟಿ ಲಟ್ಟಿಸುವವರು ಹೆಚ್ಚಾದರೂ ಖಾನಾವಳಿಯವರು ಇವಳನ್ನು ಬಿಟ್ಟಿರಲಿಲ್ಲ. "ನನ್ನ ಕೈಯೇ ನನ್ನ ಹೊಲಾರಿ ಮೇಡಂ" ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ಅವಳಿಗೆ ಹೊಲವಿಲ್ಲ.

ಆ ದಿನ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಮರುದಿನ. ಅತಿಥಿಗಳಿಗೆ ಹಾಕಿದ ಚೆಂಡುಹೂವಿನ ಹಾರಗಳು ವೇದಿಕೆಯ ಹಿಂದೆ ಬಾಡಿ ಬಿದ್ದಿದ್ದವು. ನಮ್ಮಲ್ಲಿ ಹಾರ ಎಷ್ಟು ದಪ್ಪವೋ ಮರ್ಯಾದೆ ಅಷ್ಟು ದೊಡ್ಡದು, ಹಾಗಾಗಿ ರಾಶಿಯೇ ಇತ್ತು. ಹೂವೂ ಎಲೆಯ ಜಾತಿಯೇ ಅಲ್ಲವೇ, ಸಸಿಯ ಬುಡಕ್ಕೆ ಒಳ್ಳೆಯದೇ ಎಂದು ಎಲ್ಲವನ್ನೂ ಬುಟ್ಟಿಗೆ ತುಂಬಿ ಯಂತ್ರದ ಹತ್ತಿರ ತಂದಿಟ್ಟರು. ಹಾರದೊಳಗೆ ಪ್ಲಾಸ್ಟಿಕ್ ದಾರ ಇರುತ್ತದೆಂಬುದು ಯಾರ ತಲೆಗೂ ಹೋಗಲಿಲ್ಲ.

ನಾನು ಒಳಗೆ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದೆ. ಹೊರಗೆ ಯಂತ್ರದ ದನಿ ಬದಲಾಯಿತು. ಕರಕರ ಎನ್ನುತ್ತಿದ್ದದ್ದು ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಗುರುಗುಟ್ಟಿತು. ಅಷ್ಟರಲ್ಲಿ ಲೈಟು ಹೋಯಿತು. ನನ್ನ ತಲೆಯ ಮೇಲಿನ ಫ್ಯಾನು ನಿಂತಿತು, ಹೊರಗೆ ಯಂತ್ರವೂ ನಿಂತಿತು. ಸೆಕೆ ತಡೆಯದೆ ಒಂದು ಪೇಪರು ಹಿಡಿದು ಬೀಸಿಕೊಳ್ಳುತ್ತ ಹಿಂಬಾಗಿಲ ಮೆಟ್ಟಿಲಿಗೆ ಬಂದೆ.

ಅಕ್ಕ ಯಂತ್ರದ ಬಾಯೊಳಗೆ ಮೊಣಕೈತನಕ ಕೈ ಇಳಿಸಿ ನಿಂತಿದ್ದಳು. ಮುಖ ನನ್ನ ಕಡೆಗಿತ್ತು.

"ಏನಾತಕ್ಕ?"

"ದಾರ ಸುತ್ಗೊಂಡದ ನೋಡ್ರಿ. ಛಲೋ ಆತು, ಲೈಟ್ ಹೋತು. ಈಗೇ ತೆಗದ್ಬಿಡ್ತೀನಿ."

ನನಗೂ ಅದು ಸರಿಯೆನಿಸಿತು. ಲೈಟು ಇಲ್ಲದ ಯಂತ್ರ ಕಲ್ಲಿಗೆ ಸಮ ಎಂದು ನನ್ನ ಮೈಯೂ ನಂಬಿತ್ತು. ಅವಳು ಒಳಗೆ ತಡಕಾಡುತ್ತ ದಾರದ ಎಳೆಗಳನ್ನು ಎಳೆದೆಳೆದು ಹೊರಗೆ ಹಾಕುತ್ತಿದ್ದಳು. ಮೊಣಕೈಗೆ ಚೆಂಡುಹೂವಿನ ಹಳದಿ ಮೆತ್ತಿತ್ತು. ನಿನ್ನೆ ಭಾಷಣ ಮಾಡಿದ ಅತಿಥಿಯ ಹೊಟ್ಟೆಗೆ ಅಷ್ಟು ದೊಡ್ಡ ಹಾರವೂ ಸಾಲದೆ ಹೋದದ್ದನ್ನು ಹೇಳಿ ನನ್ನನ್ನು ನಗಿಸಿದಳು. ಕೊನೆಗೆ ಒಂದು ಗಂಟು ಏನು ಮಾಡಿದರೂ ಬಿಚ್ಚಲಿಲ್ಲ.

ಮಾಲಿ ತುಸು ದೂರದ ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಪಕ್ಕದಲ್ಲೇ ಅವನ ಕುಡುಗೋಲು.

"ಏ, ಆ ಕುಡುಗೋಲು ಜರಾ ಕೊಡಪಾ ಇಲ್ಲಿ" ಎಂದಳು ಅಕ್ಕ, ಕೈ ಒಳಗೇ ಇಟ್ಟುಕೊಂಡು.

"ನೀನೇ ಬಂದು ತೊಗೊ ವೈನಿ."

"ನನ್ನ ಕೈ ಇದರಾಗದ, ಕಾಣ್ಸಂಗಿಲ್ಲೇನು? ತಂದು ಕೊಟ್ರ ನಿನ್ನ ಗಂಟೇನು ಹೋಗ್ತದ?"

"ನನ್ನ ಕೈಯಾಗ ತಂಬಾಕದ. ನಿನ್ನ ಕೈ ತೆಗದ್ರ ಮಷಿನ್ ಓಡಿ ಹೋಗಂಗಿಲ್ಲ. ನಿನಗೇನ್ ಕಾಲಿಲ್ಲೇನು?"

"ಕಾಲದಾವ. ನಿನ್ನ ಮಾರಿ ಮ್ಯಾಲ ಇಡೂವಂಥ ಕಾಲದಾವ. ತಡಿ, ಬಂದೆ."

ಅವಳು ಕೈ ಹೊರಗೆಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನತ್ತ ನಡೆದಳು. ಅವನು ಇನ್ನೇನೋ ಹೇಳಿದ, ಅವಳು ಅದಕ್ಕೆ ಉತ್ತರ ಕೊಡಲು ಬಾಯಿ ತೆರೆದಳು. ಯಂತ್ರದ ಪಕ್ಕದ ಶೆಡ್ಡಿನ ಗೋಡೆಯ ಬಲ್ಬು ಹತ್ತಿತು. ಒಳಗಿನಿಂದ ಗ್ರಂಥಾಲಯದ ಅಟೆಂಡರ್ ಉಲ್ಲಾಸದಿಂದ "ಬಂತು!" ಎಂದು ಕೂಗಿದ. ಆ ಕೂಗಿನ ಜೊತೆಗೇ ಯಂತ್ರ ಘರ್ಜಿಸಿತು.

ಯಾರೂ ಅದರ ಹತ್ತಿರ ಇರಲಿಲ್ಲ. ಯಾರೂ ಏನನ್ನೂ ಒತ್ತಿರಲಿಲ್ಲ. ಉಳಿದಿದ್ದ ದಾರವನ್ನು ತಾನೇ ಹರಿದುಕೊಂಡು, ಒಳಗಿದ್ದ ಹೂವನ್ನೆಲ್ಲ ಪುಡಿ ಮಾಡಿ, ಗಾಳಿಗೆ ಹಳದಿ ಎಸಳು ಕಾರಿತು. ಅಕ್ಕನ ಬೆನ್ನಿಗೆ, ತಲೆಗೆ, ಸೆರಗಿಗೆಲ್ಲ ಎಸಳು.

ಮಾಲಿ ಬಿದ್ದು ಬಿದ್ದು ನಕ್ಕ. "ನೋಡು ವೈನಿ, ಮಷಿನ್ ನಿನಗ ಸನ್ಮಾನ ಮಾಡ್ಲಿಕತ್ತದ!"

ಅಕ್ಕನೂ ನಕ್ಕಳು. ಆಮೇಲೆ ಬಲಗೈ ಎತ್ತಿ ನೋಡಿಕೊಂಡಳು. ಮೊಣಕೈವರೆಗೆ ಹಳದಿ. ನಗು ಅರ್ಧಕ್ಕೇ ನಿಂತಿತು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ.

ಯಾರೂ ಒತ್ತದೆ ಯಂತ್ರ ಹೇಗೆ ಶುರುವಾಯಿತು ಎಂದು ಆಮೇಲೆ ಕೇಳಿದೆ. ಮಾಲಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಡೈರೆಕ್ಟ್ ಮಾಡ್ಸೀವಲ್ರಿ ಮೇಡಂ" ಎಂದ. ಯಂತ್ರ ಹೊಸದಾಗಿ ಬಂದಾಗ ಲೈಟು ಹೋದರೆ ಅದರ ಹಸಿರು ಗುಂಡಿ ತಾನೇ ಬಿಟ್ಟುಕೊಳ್ಳುತ್ತಿತ್ತು. ಲೈಟು ತಿರುಗಿ ಬಂದರೂ ಯಂತ್ರ ಸುಮ್ಮನೆ ನಿಂತಿರುತ್ತಿತ್ತು, ಯಾರಾದರೂ ಹೋಗಿ ಗುಂಡಿ ಒತ್ತಿದರೆ ಮಾತ್ರ ಚಾಲೂ. ನಮ್ಮಲ್ಲಿ ಲೈಟು ಹೋಗಿಬಂದು ಮಾಡುವುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲ ಒತ್ತಿ ಒತ್ತಿ ಬೇಸತ್ತು, ಗುಂಡಿ ಕೆಟ್ಟಿದೆಯೆಂದೇ ತಿಳಿದು, ಬಜಾರಿನ ಎಲೆಕ್ಟ್ರಿಷಿಯನ್ನನನ್ನು ಕರೆಸಿದ್ದರು. ಅವನು ಗುಂಡಿಯ ಡಬ್ಬಿಯನ್ನೇ ತಪ್ಪಿಸಿ ವೈರು ನೇರ ಕೊಟ್ಟುಹೋದ. ಅಂದಿನಿಂದ ಗೋಡೆಯ ಸ್ವಿಚ್ಚು ಹಾಕಿದ್ದರೆ ಸಾಕು. ಎಲ್ಲರಿಗೂ ಅನುಕೂಲವಾಯಿತು.

ಹೋಗಿ ನೋಡಿದೆ. ದಸರೆಯಲ್ಲಿ ಯಂತ್ರಕ್ಕೆ ಪೂಜೆ ಮಾಡಿದಾಗ ಹಸಿರು ಗುಂಡಿಯ ಮೇಲೆ ವಿಭೂತಿ ಎಳೆದು ಕುಂಕುಮ ಇಟ್ಟಿದ್ದರು. ಅದು ಹಾಗೇ ಒಣಗಿ ಅಂಟಿಕೊಂಡಿತ್ತು. ಅಂದಿನಿಂದ ಅದನ್ನು ಒಂದು ಬೆರಳೂ ಮುಟ್ಟಿರಲಿಲ್ಲ. ಯಾರದೋ ಕೈ ಒಳಗಿದ್ದಾಗ ತಾನಾಗಿ ಶುರುವಾಗಬಾರದೆಂದೇ ಇಟ್ಟ ಗುಂಡಿ ಅದು ಎಂದು ನಾನು ಹೇಳಿದೆ. ಮಾಲಿ ಗುಂಡಿಯನ್ನು ನೋಡಿದ, ನನ್ನನ್ನು ನೋಡಿದ. "ಹೌದೇನ್ರಿ? ನಾವು ಅದು ಖರಾಬ್ ಆಗ್ಯಾದ ಅಂತ ತಿಳದಿದ್ವಿ" ಎಂದ. ಅವನ ಮುಖ ಮೊದಲ ಬಾರಿ ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ತನ್ನನ್ನೇ ಸಮಾಧಾನ ಮಾಡಿಕೊಂಡ. "ಆದ್ರೂ ಏನೂ ಆಗಿಲ್ಲಲ್ರಿ."

ಆ ಮಾತು ನನ್ನನ್ನು ಬಿಡಲಿಲ್ಲ. ಪ್ರಿನ್ಸಿಪಾಲರು ಪೂರ್ತಿ ಕೇಳಿಸಿಕೊಂಡು, ಗುಂಡಿ ಸರಿ ಮಾಡಿಸಲು ಹೇಳಿ, ಕೊನೆಗೆ ಅದನ್ನೇ ಅಂದರು. ಅಟೆಂಡರ್ ಅಂದ. ನನ್ನ ಗಂಡನೂ ಅಂದರು. ಏನೂ ಆಗಿರಲಿಲ್ಲ, ನಿಜ. ಆದರೆ ಮಾಲಿ ಒಳ್ಳೆಯ ಮೈದುನನಾಗಿ ಆ ಕ್ಷಣ ಎದ್ದು ಕುಡುಗೋಲು ತಂದುಕೊಟ್ಟಿದ್ದರೆ? ಅವನ ಅಂಗೈಯಲ್ಲಿ ತಂಬಾಕು ಇಲ್ಲದಿದ್ದರೆ? ಅಕ್ಕ ಎಡಗೈಯಲ್ಲಿ ಅದನ್ನು ತೆಗೆದುಕೊಂಡು, ಬಲಗೈ ಹೊರಗೆ ತೆಗೆಯದೆ, ಇನ್ನಷ್ಟು ಬಗ್ಗಿ ಗಂಟಿಗೆ ಹಾಕುತ್ತಿದ್ದಳು. ಒಬ್ಬನ ಸೋಮಾರಿತನ, ಒಬ್ಬಳ ಸಿಟ್ಟು. ಅವಳ ಕೈ ಉಳಿದದ್ದು ಇವೆರಡರಿಂದ, ಬೇರೆ ಯಾವುದರಿಂದಲೂ ಅಲ್ಲ. ಮಲಗಿದಾಗ ನನ್ನ ಕಣ್ಣೊಳಗೆ ಮಾಲಿ ಒಂದೊಂದು ಸಲ ಎದ್ದು ನಿಲ್ಲುತ್ತಾನೆ, ಕುಡುಗೋಲು ಹಿಡಿದು, ಬಹಳ ವಿಧೇಯನಾಗಿ ನಡೆದು ಬರುತ್ತಾನೆ. ಬರಬೇಡ ಎಂದು ಕೂಗಬೇಕೆನಿಸುತ್ತದೆ.

ಆ ಘಟನೆಯ ಮರುದಿನ ಅಕ್ಕ ನೀರು ಕುಡಿಯುವ ನೆವದಲ್ಲಿ ಗ್ರಂಥಾಲಯಕ್ಕೆ ಬಂದಳು. ಯಾರೂ ಇರಲಿಲ್ಲ. ಜನರೆದುರು ಮೇಡಂ ಎನ್ನುವವಳು ಇಬ್ಬರೇ ಇದ್ದಾಗ ಯವ್ವಾ ಎನ್ನುತ್ತಾಳೆ.

"ನಿನ್ನಿ ಸಂಜಿಕ ರೊಟ್ಟಿ ಹರದ್ವು ಯವ್ವಾ. ಒಂದೂ ದುಂಡಗ ಬರ್ಲಿಲ್ಲ. ಖಾನಾವಳಿಯವ ಮೈಯಾಗ ಆರಾಮಿಲ್ಲೇನು ಅಂತ ಕೇಳ್ದ. ಹೌದಪಾ ಅಂದೆ. ಮತ್ತೇನ್ ಹೇಳ್ಲಿ?"

"ಅಕ್ಕ, ಗುಂಡಿ ಸರಿ ಮಾಡೂತನಕ ಆ ಮಷಿನ್ ಮುಟ್ಟಬ್ಯಾಡ."

"ಮುಟ್ಟಂಗಿಲ್ಲ ಅಂದ್ರ ನಾಳಿ ಬ್ಯಾರೇದವ್ಳು ಬಂದು ಮುಟ್ತಾಳ. ಆಕಿ ಕೈ ಏನ್ ಪರಸಿ ಕಲ್ಲೇನು?"

ಅಂದೇ ಕಾಲೇಜು ಬಿಟ್ಟ ಮೇಲೆ ಬಜಾರಿನ ಎಲೆಕ್ಟ್ರಿಷಿಯನ್ನನ ಅಂಗಡಿಗೆ ಹೋದೆ. ಅವನು ಒಂದು ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. "ಟೆನ್ಶನ್ ತೊಗೋಬ್ಯಾಡ್ರಿ ಮೇಡಂ, ಕುಂದ್ರಿ, ಚಹಾ ಕುಡೀರಿ. ಹಳೇ ಡಬ್ಬಿ ಒಳಗಿನ ಸಾಮಾನೆಲ್ಲಾ ತೆಗದ್ ಬಿಸಾಕೀನಿ. ಹೊಸಾದು ಕಲಬುರ್ಗಿಯಿಂದ ಬರ್ಬೇಕು. ಬರ್ತದ. ಆದ್ರ ಒಂದ್ ಮಾತ್ರಿ, ಮತ್ತ ಲೈಟ್ ಹೋದಾಗೆಲ್ಲ ಒತ್ತಬೇಕಾಗ್ತದ. ಆವಾಗ ನನಗ ಬೈಬ್ಯಾಡ್ರಿ" ಎಂದ. ಬೈಯುವುದಿಲ್ಲವೆಂದು ಮಾತು ಕೊಟ್ಟೆ. ಡಬ್ಬಿ ಬರಲಿಲ್ಲ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ. ಬೇಸಿಗೆ ಏರುತ್ತಿತ್ತು, ಸಸಿಗಳು ಒಣಗುತ್ತಿದ್ದವು, ಯಂತ್ರ ನಡೆದೇ ಇತ್ತು.

ನಾನು ಒಂದು ಚಟ ಹಚ್ಚಿಕೊಂಡೆ. ಲೈಟು ಹೋದ ಕೂಡಲೇ ಕೈಯಲ್ಲಿದ್ದ ಪುಸ್ತಕ ಬಿಟ್ಟು, ಹಿಂಬಾಗಿಲಿನಿಂದ ಶೆಡ್ಡಿಗೆ ಓಡಿ, ಗೋಡೆಯಿಂದ ಯಂತ್ರದ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಲ್ಲುವುದು. ಸ್ವಿಚ್ಚು ಆರಿಸಿದರೆ ಯಾರಾದರೂ ರೂಢಿಯಿಂದ ಮತ್ತೆ ಹಾಕಿಬಿಡುತ್ತಾರೆ. ಕಿತ್ತ ಪ್ಲಗ್ಗು ಕಣ್ಣಿಗೆ ಕಾಣುತ್ತದೆ. ಬ್ಲೇಡು ಪೂರ್ತಿ ನಿಂತ ಮೇಲೆಯೇ ಅಕ್ಕ ಬಾಯಿ ಸ್ವಚ್ಛ ಮಾಡಬೇಕು, ಮೊದಲು ತೊಗರಿ ಕಟ್ಟಿಗೆಯಿಂದ ಕೆದಕಬೇಕು, ಕೈ ಹಾಕಲೇಬೇಕಾದರೆ ಶೆಡ್ಡಿನ ಮೊಳೆಗೆ ತೂಗಿಹಾಕಿದ್ದ ದಪ್ಪ ಕೈಗವಸು ಹಾಕಿಕೊಂಡು ಹಾಕಬೇಕು. ಅವಳು ಕೈ ತೆಗೆದು ದೂರ ಸರಿದ ಮೇಲೆ ಪ್ಲಗ್ಗು ತಿರುಗಿ ಗೋಡೆಗೆ. ಮಾಲಿಗೆ ಇದು ಒಳ್ಳೆಯ ತಮಾಷೆಯಾಯಿತು.

"ಏ ಬರ್ರಿ, ನೋಡ್ರಿ! ನಮ್ಮ ಮೇಡಂ ಡಿಗ್ರಿ ಮಾಡ್ಕೊಂಡು ಪ್ಲಗ್ ಕಾಯ್ಲಿಕತ್ತಾರ!"

"ನೀ ಅನ್ನೂದು ಅನ್ನು. ಮೇಡಂ ಕಾಯ್ತಾರ, ನೀ ತಂಬಾಕ ತಿಕ್ಕು" ಎನ್ನುತ್ತಿದ್ದಳು ಅಕ್ಕ. ಆದರೆ ಅವಳೂ ನಗುತ್ತಿದ್ದಳು. ನನ್ನ ಗಾಬರಿ ಅವಳಿಗೆ ಬೇಕಾಗಿತ್ತೋ, ಬರೀ ನನ್ನ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದಳೋ, ನನಗೆ ತಿಳಿಯುತ್ತಿರಲಿಲ್ಲ. ನಾನಿಲ್ಲದ ದಿನ ಏನಾಗುತ್ತದೆ ಎಂಬುದೇ ನನ್ನ ಎದೆಯೊಳಗೆ ಮುಳ್ಳಾಗಿ ಕೂತಿತ್ತು.

ಅಂಥ ದಿನ ಬಂದೇ ಬಂತು. ಅಂದು ರೈಲು ಚಿತ್ತಾಪುರದ ಹೊರಗೆ ಸಿಗ್ನಲ್ಲಿಗೆ ನಿಂತದ್ದು ಕದಲಲೇ ಇಲ್ಲ. ಮಾಲಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಅಟೆಂಡರ್‌ಗೆ ಹಚ್ಚಿದೆ. "ಲೈಟ್ ಈಗೇ ಹೋತ್ರಿ ಮೇಡಂ, ಭಾಳ ಸೆಕಿ" ಎಂದ.

"ಹಿಂದ ಹೋಗಿ ಪ್ಲಗ್ ಕಿತ್ತು ಬಾ."

"ಹಾಂ ಹಾಂ, ಹೋಗ್ತೀನ್ರಿ" ಎಂದು ಫೋನು ಇಟ್ಟ. ಅವನ ಹಾಂ ಹಾಂ ನನಗೆ ಗೊತ್ತು. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಎದುರಿಗೆ ಕೂತ ಹೆಂಗಸು ಯಾರಿಗೆ ಆರಾಮಿಲ್ಲ ಎಂದು ಕೇಳಿದಳು. ಎಲ್ಲರೂ ಆರಾಮಿದ್ದಾರೆ ಎಂದೆ. ನನ್ನ ಕೈ ಎದೆಗೆ ಒತ್ತಿಕೊಂಡಿತ್ತು. ಕಿಟಕಿಯ ಹೊರಗೆ ತೊಗರಿ ಕಿತ್ತ ಬರಿ ಹೊಲ, ಬಿಸಿಲು, ದೂರದಲ್ಲಿ ಸಿಮೆಂಟಿನ ಧೂಳು. ಹೊಲದ ಮೂಲೆಯಲ್ಲಿ ಯಾರದೋ ಮೋಟರು ಸುಮ್ಮನೆ ನಿಂತಿತ್ತು. ನೋಡುತ್ತಿರುವಾಗಲೇ ಅದರ ಪೈಪು ಒಮ್ಮೆ ಕೆಮ್ಮಿ ನೀರು ಕಾರಿತು. ಇಲ್ಲಿ ಬಂದರೆ ಅಲ್ಲಿಯೂ ಬಂತೇ? ನನಗೆ ಗೊತ್ತಿರಲಿಲ್ಲ. ಆ ನೀರನ್ನು ನೋಡಲಾಗದೆ ಮುಖ ಹೊರಳಿಸಿದೆ.

ಸೇಡಂ ಸ್ಟೇಷನ್ನಿನಿಂದ ಆಟೋದಲ್ಲಿ ಕಾಲೇಜಿಗೆ ಬಂದು, ಮುಂಬಾಗಿಲು ಬಿಟ್ಟು, ಕಂಪೌಂಡಿನ ಪಕ್ಕದಿಂದ ನೇರ ತೋಟಕ್ಕೆ ಓಡಿದೆ. ಯಂತ್ರದ ಸದ್ದಿರಲಿಲ್ಲ. ಸದ್ದಿಲ್ಲದಿರುವುದು ಒಳ್ಳೆಯದೋ ಕೆಟ್ಟದೋ ಹೇಳುವಂತಿರಲಿಲ್ಲ. ಅಟೆಂಡರ್ ಎಲ್ಲೂ ಕಾಣಲಿಲ್ಲ. ಮಾಲಿ ಬೇವಿನ ಬುಡದಲ್ಲಿ ತನ್ನ ಜಾಗದಲ್ಲೇ ಇದ್ದ.

ಅಕ್ಕ ಯಂತ್ರದ ಬಾಯಿಗೆ ಬಗ್ಗಿದ್ದಳು. ಬಲಗೈ ಒಳಗಿತ್ತು.

"ಅಕ್ಕಾ!" ಎಂದು ಕೂಗಿದೆ.

ಅವಳು ತಲೆಯೆತ್ತಿ, ಎಡಗೈಯಿಂದ ಸೊಂಟ ತೋರಿಸಿದಳು. ಸೆರಗಿನ ತುದಿಯಲ್ಲಿ ಏನೋ ದಪ್ಪಗೆ ಗಂಟು ಕಟ್ಟಿ ಸೊಂಟಕ್ಕೆ ಬಿಗಿದುಕೊಂಡಿದ್ದಳು. ಊರಿಗೆ ಹೋಗುವ ಹೆಂಗಸರು ಬಸ್ಸಿನ ಚಿಲ್ಲರೆ ಕಟ್ಟಿಕೊಳ್ಳುವ ಹಾಗೆ. ಗಂಟಿನಿಂದ ಕಪ್ಪು ವೈರು ಇಳಿದು ನೆಲದ ಮೇಲೆ ಸುರುಳಿಯಾಗಿ ಯಂತ್ರದ ತನಕ ಹೋಗಿತ್ತು. ಒಳಗಿದ್ದ ಕೈಗೆ ಗವಸಿತ್ತು.

"ನೀವು ಬರ್ಲಿಲ್ಲ. ಇವನ್ನ ನಂಬಿದ್ರ ಆಗ್ತದೇನ್ರಿ?" ಎಂದು ಮೈದುನನ ಕಡೆ ಗದ್ದ ಚಾಚಿದಳು. "ಅದಕ ಕಿತ್ಗೊಂಡು ಕಟ್ಗೊಂಡೀನಿ. ಈಗ ಲೈಟ್ ಬಂದ್ರ ನನ್ನ ಕೇಳೇ ಬರ್ಬೇಕು."

"ವೈನಿಗ ಪ್ಲಗ್ ಅಂದ್ರ ಮಾಂಗಲ್ಯ ಆಗ್ಯಾದ್ರಿ" ಎಂದ ಮಾಲಿ. ಆದರೆ ಅವನ ಮುಂದೆ ಅಂದು ತಂಬಾಕಿನ ಡಬ್ಬಿ ಬಿಚ್ಚಿರಲಿಲ್ಲ. ಅವನ ಕಣ್ಣು ಅತ್ತಿಗೆಯ ಸೊಂಟದ ಗಂಟಿನ ಮೇಲೆಯೇ ಇತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದನೋ.

ನಾನು ನನ್ನ ಮೆಟ್ಟಿಲ ಮೇಲೆ ಕೂತೆ. ಅಕ್ಕ ಕೆದಕುವುದನ್ನು ಮುಂದುವರಿಸಿದಳು. ಶೆಡ್ಡಿನ ಬಲ್ಬು ಹತ್ತಿತು. ಒಳಗೆ ಎಲ್ಲಿಂದಲೋ ಅಟೆಂಡರ್ "ಬಂತು!" ಎಂದು ಕೂಗಿದ.

ನನ್ನ ಕೈ ಎದೆಗೆ ಹಾರಿತು. ಅಕ್ಕನ ಭುಜವೂ ಒಮ್ಮೆ ನಡುಗಿತು. ನಾನು ನೋಡಿದೆ. ಮಾಲಿ ಅರ್ಧ ಎದ್ದು ನಿಂತಿದ್ದ. ಯಂತ್ರ ಸುಮ್ಮನಿತ್ತು. ಗ್ರಂಥಾಲಯದೊಳಗೆ ಫ್ಯಾನು ತಿರುಗುವ ಸದ್ದು ಇಲ್ಲಿಯ ತನಕ ಕೇಳಿಸುತ್ತಿತ್ತು. ಅಕ್ಕ ಎಡಗೈಯಿಂದ ಒಮ್ಮೆ ಸೊಂಟದ ಗಂಟು ಮುಟ್ಟಿ ನೋಡಿಕೊಂಡಳು.

"ಬರ್ಲಿ ಬಿಡು" ಎಂದಳು, ಯಾರಿಗೆ ಹೇಳಿದಳೋ. ಆಮೇಲೆ ಮೈದುನನತ್ತ ತಿರುಗಿ, "ಹೆಂಗೂ ಎದ್ದೀದಿ, ಆ ಕುಡುಗೋಲು ತೊಗೊಂಡ್ ಬಾ."

ಈ ಸಲ ಅವನು ತಂದುಕೊಟ್ಟ.